ಬದನೇಕಾಯಿ ಬಣ್ಣದ ಡಬಲ್ ಡೋರ್

ಹುನಗುಂದದಲ್ಲಿ ನನ್ನದೊಂದು ಫ್ರಿಜ್ ರಿಪೇರಿ ಅಂಗಡಿ ಇದೆ. ಮೇಲೆ ಬೋರ್ಡು, ಕೆಳಗೆ ಕಟ್ಟೆ, ಕಟ್ಟೆಯ ಮೇಲೆ ನಮ್ಮವ್ವ. ಬೋರ್ಡು ಓದಿ ಬಂದ ಗಿರಾಕಿ ಅವ್ವನನ್ನು ದಾಟಿಯೇ ಒಳಗೆ ಬರಬೇಕು. ಬಹಳ ಮಂದಿ ದಾಟುವುದಿಲ್ಲ, ಅಲ್ಲೇ ನಿಂತುಬಿಡುತ್ತಾರೆ. ಹೀಗಾಗಿ ನಮ್ಮ ಅಂಗಡಿಯಲ್ಲಿ ಒಂದಿಲ್ಲೊಂದು ನಡೆಯುತ್ತಲೇ ಇರುತ್ತದೆ, ವ್ಯಾಪಾರ ಒಂದನ್ನು ಬಿಟ್ಟು.

ಮನೆ ಅಂಗಡಿಯ ಹಿಂದೆಯೇ ಇದೆ. ಆದರೆ ಅವ್ವ ಪಲ್ಲೆ ಸೋಸುವುದು, ಅಂದರೆ ಸೊಪ್ಪು ಬಿಡಿಸಿ ಹಸನು ಮಾಡುವುದು, ಕಟ್ಟೆಯ ಮೇಲೆಯೇ. ಅಲ್ಲಿ ಗಾಳಿ ಬರುತ್ತದೆ, ಜೊತೆಗೆ ಊರ ಸುದ್ದಿಯೂ ಬರುತ್ತದೆ. ಅವ್ವನ ಲೆಕ್ಕದಲ್ಲಿ ಫ್ರಿಜ್ಜೆಂದರೆ ನಿನ್ನೆಯ ಆಲಸ್ಯವನ್ನು ಇವತ್ತಿಗೆ ತಣ್ಣಗೆ ಕಾಯ್ದಿಡುವ ಪೆಟ್ಟಿಗೆ. ಮಗ ಅದರ ಮೇಲೆಯೇ ಹೊಟ್ಟೆ ಹೊರೆಯುತ್ತಾನಲ್ಲ ಎಂದು ಯಾರಾದರೂ ಕೇಳಿದರೆ, "ಮಂದಿ ಶಾಣ್ಯಾ ಆಗೂತನಾ ಅವನ ಹೊಟ್ಟಿಗೆ ತ್ರಾಸಿಲ್ಲ" ಅನ್ನುತ್ತಾಳೆ.

ಇಂಥ ಅಂಗಡಿಗೆ ಒಂದು ಡಬಲ್ ಡೋರ್ ಫ್ರಿಜ್ ಬಂತು. ಬಾಗಲಕೋಟೆಯ ನವನಗರದಲ್ಲಿದ್ದ ಸಾಹೇಬರೊಬ್ಬರು ವರ್ಗವಾಗಿ ಹೋಗುವಾಗ ಕೆಟ್ಟು ನಿಂತಿದ್ದ ಅದನ್ನು ನನಗೆ ದಾಟಿಸಿದ್ದರು. ಹೊಸ ಮೋಟಾರು ಕೂಡಿಸಿದೆ, ಗ್ಯಾಸು ತುಂಬಿದೆ, ಬಾಗಿಲಿಗೆ ಹೊಸ ರಬ್ಬರು ಹಾಕಿದೆ. ಬಣ್ಣ ಹೊಡೆಯುವವನಿಗೆ ದ್ರಾಕ್ಷಿ ಬಣ್ಣ ಹೇಳಿದ್ದೆ. ಅವನು ಹೊಡೆದದ್ದು ಎಣ್ಣೆಗಾಯಿ ಮಾಡುವ ಬದನೇಕಾಯಿಯ ಬಣ್ಣ. ಇರಲಿ, ದೂರದಿಂದ ಕಾಣುತ್ತದೆ ಅಂದುಕೊಂಡು ಅಂಗಡಿಯ ಬಾಯಿಗೇ ನಿಲ್ಲಿಸಿದೆ.

ಇಷ್ಟು ವರ್ಷ ಊರು ನನ್ನನ್ನು ಕರೆದದ್ದು 'ಫ್ರಿಜ್ ರಿಪೇರಿಯಂವ' ಎಂದು. ಮದುವೆಯ ಪಂಕ್ತಿಯಲ್ಲಿ ಕೂತಾಗಲೂ ಪಕ್ಕದವರು, "ರಿಪೇರಿಯಂವಗ ಸಾರು ಹಾಕ್ರಿ" ಅನ್ನುತ್ತಾರೆ. ಈ ಒಂದು ಫ್ರಿಜ್ ಮಾರಿದರೆ ನಾನೂ ಅಂಗಡಿಕಾರ ಎನ್ನಿಸಿಕೊಳ್ಳುತ್ತೇನೆ ಎಂಬುದು ನನ್ನ ಆಸೆ. ನನ್ನ ಹೆಂಡತಿಯ ಆಸೆ ಇನ್ನೂ ಸರಳ. ಅಂಗಡಿಯ ಅರ್ಧ ಬಾಗಿಲಿಗೆ ಅಡ್ಡವಾಗಿ ನಿಂತ ಅದನ್ನು ನೋಡಿ, "ಎಳ್ಳಮಾಸಿ ಒಳಗ ಒಂದ ಅದು ಹೋಗಬೇಕು, ಇಲ್ಲಾ ನೀವು ಹೋಗಬೇಕು" ಅಂದಳು. ಎಳ್ಳಮಾವಾಸ್ಯೆಗೆ ಇನ್ನೂ ಕೆಲವು ವಾರ ಇದ್ದವು.

ಅರ್ಧ ಲುಂಗಿ

ಮೊದಲು ಬಂದವರು ಬ್ಯಾಂಕಿನ ಮೇಡಂ. ಮೈಸೂರು ಕಡೆಯವರು, ಆಗಷ್ಟೇ ವರ್ಗವಾಗಿ ಬಂದಿದ್ದರು. ಮಾತು ಇಸ್ತ್ರಿ ಮಾಡಿದಂತೆ ಇರುತ್ತಿತ್ತು.

"ನಮ್ಮ ಫ್ರಿಜ್ ಬಹಳ ಚಿಕ್ಕದು. ಮೆಂತ್ಯ ಸೊಪ್ಪು ಇಟ್ಟರೆ ಎರಡು ದಿನಕ್ಕೆ ಕಪ್ಪಾಗಿ ನೀರು ಬಿಡುತ್ತೆ. ದೊಡ್ಡದೇ ತೆಗೆದುಕೊಂಡುಬಿಡೋಣ ಅಂತ."

ನಾನು ಎರಡೂ ಬಾಗಿಲು ತೆರೆದು ಪಕ್ಕಕ್ಕೆ ನಿಂತೆ. "ಇಡೀ ಸಂತಿ ಹಿಡಸ್ತೈತ್ರಿ ಮೇಡಂ."

ಅವ್ವ ಮೊರದಿಂದ ಕಣ್ಣೆತ್ತಲಿಲ್ಲ. "ತಂಗೀ, ಪಲ್ಲೆ ತೊಳದು ಇಡ್ತೀಯೇನ?"

"ಹೌದಮ್ಮ. ಚೆನ್ನಾಗಿ ತೊಳೆದು ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ಇಡ್ತೀನಿ."

"ಎರಕೊಂಡ ಮೈ ಒರಸದಂಗ ನಿನ್ನ ಒಂದು ಚೀಲದಾಗ ಕಟ್ಟಿ ಇಟ್ರ ನೀ ಎಷ್ಟು ದಿನಾ ತಾಳ್ತೀ?"

ಮೇಡಂ ಇದನ್ನು ಯೋಚಿಸಿರಲಿಲ್ಲ. ಈಗ ಯೋಚಿಸತೊಡಗಿದ್ದು ಅವರ ಮುಖದಲ್ಲೇ ಕಂಡಿತು. ಅವ್ವ ಕೈಯಾಡಿಸಿ ತೋರಿಸತೊಡಗಿದಳು. ಹಳದಿ ಎಲೆ ತೆಗೆಯಬೇಕು. ನೀರು ಸೋಂಕಿಸಬಾರದು, ತೊಳೆಯುವುದೇನಿದ್ದರೂ ಒಲೆ ಹಚ್ಚುವಾಗ. ಒಣಗಿದ ನೂಲಿನ ಬಟ್ಟೆಯಲ್ಲಿ ಸಡಿಲಾಗಿ ಸುತ್ತಬೇಕು. ಕೊತ್ತಂಬರಿಯಾದರೆ ಬೇರು ಕೊಯ್ಯದೆ ಲೋಟದ ನೀರಿನಲ್ಲಿ ನಿಲ್ಲಿಸಬೇಕು.

"ಅಂಥ ಬಟ್ಟೆ ನನ್ನ ಹತ್ತಿರ ಇಲ್ಲವಲ್ಲಮ್ಮ" ಎಂದರು ಮೇಡಂ.

ಅವ್ವ ಎದ್ದು, ಹಗ್ಗದ ಮೇಲೆ ಒಣಗುತ್ತಿದ್ದ ನನ್ನ ಲುಂಗಿ ಎಳೆದು ಪರ್ರನೆ ಎರಡು ಮಾಡಿದಳು. "ಹಳೀ ಅರಿವಿ ಮೆತ್ತಗಿರ್ತೈತಿ, ಒಯ್ಯಿ."

ಅದು ಹಳೆಯದಲ್ಲ, ದಸರೆಗೆ ತಂದದ್ದು. ಅದನ್ನು ಹೇಳುವಷ್ಟರಲ್ಲಿ ಮೇಡಂ ಮೂರು ಸಲ ಥ್ಯಾಂಕ್ಸ್ ಹೇಳಿ ಮೆಟ್ಟಿಲು ಇಳಿದಿದ್ದರು. ಫ್ರಿಜ್ ಇದ್ದಲ್ಲೇ ಇತ್ತು, ಹೋದದ್ದು ಅರ್ಧ ಲುಂಗಿ.

ಮಗ್ಗದ ಕುಣಿ

ಆಮೇಲೆ ಇಳಕಲ್ಲಿನಿಂದ ನೇಕಾರ ಗಂಡ ಹೆಂಡತಿ ಬಂದರು. ಫ್ರಿಜ್ ಬೇಕಾಗಿದ್ದದ್ದು ಹೆಂಡತಿಗೆ. ಗಂಡ ಜೊತೆಗೆ ಬಂದದ್ದು ಬೇಡ ಅನ್ನುವುದಕ್ಕೆ ಒಂದು ನೆವ ಹುಡುಕಿಕೊಂಡು. ಅಂಥವನಿಗೆ ನಮ್ಮ ಕಟ್ಟೆಗಿಂತ ಒಳ್ಳೆಯ ಜಾಗ ಎಲ್ಲಿ ಸಿಗಬೇಕು?

"ಕುಣಿಮಗ್ಗ ಐತೇನು?" ಎಂದು ಅವ್ವ ಕೇಳಿದಳು.

"ಐತ್ರಿ ಯವ್ವಾ. ನಮ್ಮ ಮುತ್ತ್ಯಾನ ಕಾಲದ್ದು."

ಕುಣಿಮಗ್ಗವೆಂದರೆ ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು, ಬರಿಗಾಲಲ್ಲಿ ಹಲಗೆ ತುಳಿಯುತ್ತ ನೇಯುವ ಮಗ್ಗ. ಇಳಕಲ್ಲಿನ ಬಿಸಿಲು ಮೇಲೆ ಎಷ್ಟೇ ಕುಣಿದರೂ ಕುಣಿಯೊಳಗೆ ಇಳಿಯುವುದಿಲ್ಲ.

"ಒಳಗ ಹೆಂಗಿರ್ತೈತಿ?"

"ಭಾಳ ತಂಪ್ರಿ. ಬ್ಯಾಸಗ್ಯಾಗೂ ಕಾಲು ಥಣ್ಣಗಿರ್ತಾವ."

"ಹಂಗಾರ ಅಷ್ಟು ದೊಡ್ಡ ಕುಣ್ಯಾಗ ಬರೇ ಕಾಲು ಇಟ್ಕೊಂಡು ಕೂಡ್ತೀಯೇನ? ಮೂಲ್ಯಾಗ ಒಂದ ಬುಟ್ಟಿ ಇಟ್ರ ಬದನಿಕಾಯಿ, ಹೀರಿಕಾಯಿ ವಾರಗಟ್ಲೆ ತಾಳ್ತಾವ."

ಗಂಡನ ಮುಖ ಅರಳಿತು. ಹೆಂಡತಿಯ ಮುಖ ನನ್ನ ಮುಖದ ಹಾಗೇ ಆಯಿತು. ಇಬ್ಬರೂ ಬಂದ ಬಸ್ಸಿನ ಮುಂದಿನ ಬಸ್ಸಿಗೇ ತಿರುಗಿ ಹೋದರು.

ಕೆಲವು ದಿನ ಬಿಟ್ಟು ಇಳಕಲ್ಲಿನಲ್ಲಿ ಬೇರೊಂದು ಕೆಲಸವಿತ್ತು. ಆಸೆ ಕೆಟ್ಟದ್ದು, ಅವರ ಮನೆಗೂ ಹೋದೆ. ಆತ ಮಗ್ಗದಲ್ಲಿ ಕೂತು ನೇಯುತ್ತಿದ್ದ. ಕಾಲಿನಲ್ಲಿ ಬಿಳಿಯ ಕ್ಯಾನ್ವಾಸ್ ಬೂಟು ಇತ್ತು, ಲೇಸು ಕಟ್ಟಿತ್ತು.

"ಏನ್ರಿ ಇದು?" ಎಂದೆ.

ಆತ ತಲೆ ಎತ್ತದೆ ನೇಯುತ್ತಲೇ ಇದ್ದ. ಹೆಂಡತಿ ಹೇಳಿದಳು. ಬದನೇಕಾಯಿ, ಹೀರೇಕಾಯಿ ಎಲ್ಲ ಅವ್ವ ಹೇಳಿದ ಹಾಗೇ ತಾಳಿದ್ದವು. ಆ ಧೈರ್ಯದ ಮೇಲೆ ಈಕೆ ಹಸಿಮೆಣಸಿನಕಾಯಿಯ ಬುಟ್ಟಿಯನ್ನೂ ಇಳಿಸಿದ್ದಳು. ಬುಟ್ಟಿ ಉರುಳಿತ್ತು. ಈತ ನೇಯುತ್ತಿದ್ದ ಸೀರೆಯ ಸೆರಗಿನ ಮೇಲೆ ಕಣ್ಣು ನೆಟ್ಟು ಹಲಗೆಯ ಜೊತೆಗೆ ಮೆಣಸಿನಕಾಯಿಯನ್ನೂ ತುಳಿದಿದ್ದ. ಉರಿ ಹತ್ತಿದಾಗ ಸೆರಗು ಅರ್ಧಕ್ಕೆ ಬಂದಿತ್ತು. ಅದನ್ನು ನಡುವೆ ಬಿಟ್ಟು ಏಳುವ ಮನಸ್ಸು ಆಗಲಿಲ್ಲ. ಎಷ್ಟು ಉರಿಯಿತೋ ಅಷ್ಟು ಜೋರು ತುಳಿದ. ಮುಗಿಸಿ ಎದ್ದವನೇ ಎರಡೂ ಕಾಲು ಮಜ್ಜಿಗೆಯ ಗಡಿಗೆಯಲ್ಲಿ ಇಟ್ಟ. ಅವತ್ತು ಮನೆಯಲ್ಲಿ ಯಾರೂ ಮಜ್ಜಿಗೆ ಕೇಳಲಿಲ್ಲ.

"ಆದ್ರ ಒಂದು ಖರೆ ಹೇಳಬೇಕ್ರಿ" ಎಂದಳು ಆಕೆ. "ಅಷ್ಟು ಜಲ್ದಿ ಇವರು ಯಾವ ಸೀರಿನೂ ನೇದಿರಲಿಲ್ಲ. ಈಗ ಅವಸರ ಮಾಡೂ ಗಿರಾಕಿಗೋಳಿಗೆ ನಾನು, ಬರೂಮುಂದ ಮೆಣಸಿನಕಾಯಿ ತರ್ರಿ ಅಂತೀನಿ."

ನಾನು ಮೆಲ್ಲಗೆ ಫ್ರಿಜ್ಜಿನ ಮಾತು ತೆಗೆದೆ. ಆತ ಮೊದಲ ಸಲ ತಲೆ ಎತ್ತಿ ನೋಡಿದ.

"ಬೂಟ ತಗೊಂಡೀನಲ್ರಿ, ಮತ್ತ್ಯಾಕ ಫ್ರಿಜ್ಜು?"

ಗುಂಯ್

ಬಾದಾಮಿಯಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಖಾನಾವಳಿ ನಡೆಸುವ ಹೆಣ್ಣುಮಗಳೊಬ್ಬಳಿದ್ದಾಳೆ. ಅವ್ವನ ಗೆಳತಿ. ಇಬ್ಬರದೂ ಪಲ್ಲೆಯ ಗೆಳೆತನ. ಒಂದು ಮುಂಜಾನೆ ಪಕ್ಕದ ಪಾನ್ ಅಂಗಡಿಯ ಫೋನಿನಿಂದ ಆಕೆ ನನಗೆ ಹಚ್ಚಿದಳು.

"ನಮ್ಮ ಫ್ರಿಜ್ಜು ನಿನ್ನೆಯಿಂದ ಗುಂಯ್ ಗುಂಯ್ ಅನ್ನಾಕತ್ತೈತಿ. ಸ್ವಲ್ಪ ಹೊತ್ತು ಸುಮ್ಮನಾಗತೈತಿ, ಮತ್ತ ಶುರು. ಇದರ ಕತಿ ಮುಗೀತು ಅನಸ್ತೈತಿ. ನಿನ್ನ ಹಂತೇಕ ದೊಡ್ಡದೊಂದು ಐತೆಂತಲ್ಲ, ಬಾ, ಮಾತಾಡೂನು."

ನಾನು ಡಬಲ್ ಡೋರಿನ ಫೋಟೋ ತೆಗೆದುಕೊಂಡು ಬಾದಾಮಿ ಬಸ್ಸು ಹತ್ತಿದೆ. ಕಿಟಕಿಯ ಪಕ್ಕದ ಸೀಟೂ ಸಿಕ್ಕಿತು. ಎಲ್ಲ ಶಕುನವೂ ಚೆನ್ನಾಗಿತ್ತು.

ಖಾನಾವಳಿಯ ಫ್ರಿಜ್ ತೆರೆದರೆ ಒಳಗೆ ಗಾಳಿಗೂ ಜಾಗ ಇರಲಿಲ್ಲ. ಚಳಿಗಾಲದಲ್ಲಿ ಪಲ್ಲೆ ಚೆನ್ನಾಗಿ ಬರುತ್ತದೆಂದು ಆಕೆ ಹೊರೆಹೊರೆಯಾಗಿ ತಂದು ತುರುಕಿದ್ದಳು. ನಾನು ಒಂದೊಂದಾಗಿ ಹೊರಗೆ ಎಳೆದೆ. ರಾಜಗಿರಿ ಬಂತು, ಪುಂಡಿ ಬಂತು, ಉಳ್ಳಾಗಡ್ಡಿ ತಪ್ಪಲು ಬಂತು. ಸಬ್ಬಸಗಿಗೆ ಕೈ ಹಾಕಿದೆ, ಅದು ಗುಂಯ್ ಅಂದಿತು.

ಕಟ್ಟು ಬಿಚ್ಚಿದರೆ ಒಳಗೆ ಆಕೆಯ ಮೊಬೈಲು. ಸೊಪ್ಪು ಜೋಡಿಸುವಾಗ ಅದೂ ಜೊತೆಗೆ ಸೇರಿಹೋಗಿತ್ತು. ನಿನ್ನೆಯಿಂದ ಅದನ್ನು ಹುಡುಕಿ ಹುಡುಕಿ ಆಕೆ ಮನೆ ಮಂದಿಯನ್ನೆಲ್ಲ ಬೈದಿದ್ದಳು. ಊಟಕ್ಕೆ ಬಂದ ಒಬ್ಬ ಪ್ರವಾಸಿಯ ಚೀಲವನ್ನೂ ಬಿಚ್ಚಿಸಿ ನೋಡಿದ್ದಳಂತೆ.

"ಅಂದ್ರ ನನ್ನ ಫ್ರಿಜ್ಜಿಗೆ ಏನೂ ಆಗಿಲ್ಲ!" ಎಂದು ಆಕೆಗೆ ಖುಷಿಯೋ ಖುಷಿ. ನನಗೆ ಆದದ್ದನ್ನು ಕೇಳುವವರಿರಲಿಲ್ಲ. "ಆದ್ರ ಇದ್ಯಾರ ನಂಬರೋ ನೋಡು, ನಿನ್ನೆಯಿಂದ ಒಂದ ಸಮನ ಫೋನ್ ಹಚ್ಚ್ಯಾರ."

ಆಕೆಗೆ ಫ್ರಿಜ್ಜಿನ ಮೋಟಾರು ಕೂಗಿದ ಹಾಗೆ ಕೇಳಿಸಿದ್ದ ಆ ಕರೆಯ ನಂಬರು ನೋಡಿದೆ. ಅದು ನನಗೆ ಬಾಯಿಪಾಠವಿತ್ತು. ಅಷ್ಟರಲ್ಲಿ ಫೋನ್ ಮತ್ತೆ ನಡುಗಿತು, ಆಕೆ ಸ್ಪೀಕರ್ ಒತ್ತಿದಳು.

"ಯವ್ವಾ ತಂಗೀ, ಯಾಕ ಫೋನ್ ಎತ್ತವಲ್ಲಿ?" ಎಂದಳು ನಮ್ಮವ್ವ. "ಸಬ್ಬಸಗಿ ಬಂದಿದ್ರ ಒಂದ ಕಟ್ಟು ಇಡು. ನನ್ನ ಮಗ ಅಲ್ಲೇ ಬರಾಕತ್ತ್ಯಾನ, ಅವನ ಕೈಯಾಗ ಕೊಟ್ಟು ಕಳಸು."

ಫ್ರಿಜ್ಜಿನ ಫೋಟೋ ಕಿಸೆಯಲ್ಲಿ, ಸಬ್ಬಸಗಿ ತೊಡೆಯ ಮೇಲೆ ಇಟ್ಟುಕೊಂಡು ಊರಿಗೆ ಬಂದೆ. ಬರುವಾಗ ಕಿಟಕಿಯ ಸೀಟು ಸಿಗಲಿಲ್ಲ.

ಘಮ್

ಎಳ್ಳಮಾಸಿ ಹತ್ತಿರ ಬಂತು. ಹೆಂಡತಿ ನನ್ನ ಬಟ್ಟೆಯ ಚೀಲವನ್ನು ಕೆಳಗಿಳಿಸಿ ಧೂಳು ಝಾಡಿಸಿದ್ದಳು. ಅಷ್ಟರಲ್ಲಿ ಬಾಗಲಕೋಟೆಯಿಂದ ಒಬ್ಬ ಕಾಲೇಜು ಮಾಸ್ತರರೂ ಅವರ ಹೆಂಡತಿಯೂ ಬಂದರು. ನವನಗರದಲ್ಲಿ ಮೇಲಿನ ಮಹಡಿಯ ಬಾಡಿಗೆ ಮನೆ, ಹೊಸ ಸಂಸಾರ. ಬಣ್ಣವೂ ಅವರಿಗೆ ಒಪ್ಪಿಗೆಯಾಯಿತು! ಅಂಥವರು ಇನ್ನೊಬ್ಬರು ಸಿಗುವುದಿಲ್ಲ ಅಂತ ನನಗೆ ಗೊತ್ತಾಯಿತು.

"ಒಂದ ದಿನಾ ಚಾಲೂ ಇಡ್ರಿ. ನಾಳೆ ಮುಂಜಾನೆ ಟೆಂಪೋ ತಗೊಂಡ ಬರ್ತೇವಿ" ಎಂದರು.

ಅವರು ಹೋದ ಮೇಲೆ ಅವ್ವನ ಎದುರು ಕೂತು ಕೈಮುಗಿದೆ. "ಯವ್ವಾ, ನಾಳೆ ಅವರು ಬಂದಾಗ ನೀ ಬಾಯಿ ತಗೀಬಾರದು."

ಅವ್ವ ನನ್ನ ಮುಖ ನೋಡಿದಳು. "ಆತಪಾ, ಬಾಯಿ ತಗಿಯಾಂಗಿಲ್ಲ."

ಮಾತು ಉಳಿಸಿಕೊಂಡಳು. ಮಾಡಿದ್ದೆಲ್ಲ ಕೈಯಿಂದ.

ನಾನು ಅವತ್ತು ಕೂಡಲಸಂಗಮದ ಒಂದು ಹೋಟೆಲಿನ ಕೆಲಸ ಮುಗಿಸಿ, ದಣಿದು ಬಂದು ಮಲಗಿಬಿಟ್ಟೆ. ಮುಂಜಾನೆ ಅಂಗಡಿ ತೆಗೆದರೆ ಡಬಲ್ ಡೋರಿನ ಬಾಗಿಲು ಅಂಗೈಯಗಲ ತೆರೆದಿತ್ತು. ಸಂದಿಯಿಂದ ಒಂದು ಬಾಣಲೆಯ ಹಿಡಿಕೆ ಹೊರಗೆ ಇಣುಕುತ್ತಿತ್ತು. ಒಳಗೆ ಬಾಣಲೆಯ ತುಂಬ ಪುಂಡಿಪಲ್ಲೆ. ಹುಳಿಹುಳಿ ಸೊಪ್ಪು, ಅದಕ್ಕೆ ಜೋಳದ ನುಚ್ಚು, ಮೇಲೆ ಬೆಳ್ಳುಳ್ಳಿಯ ಒಗ್ಗರಣೆ. ಅವ್ವ ಒಲೆಯಿಂದ ಇಳಿಸಿದ್ದನ್ನು ಕುದಿಕುದಿಯಾಗಿಯೇ ತಂದು ಇಟ್ಟಿದ್ದಳು. ಬಾಗಿಲು ಮುಚ್ಚದ ಕಾರಣ ಮೋಟಾರು ಬೆಳಗಾಗುವವರೆಗೆ ಬಿಡುವಿಲ್ಲದೆ ಓಡಿ, ಸುಟ್ಟು, ತಣ್ಣಗಾಗಿತ್ತು. ಅಂಗಡಿಯಲ್ಲಿ ತಣ್ಣಗಿದ್ದದ್ದು ಅದೊಂದೇ.

ಅಷ್ಟರಲ್ಲಿ ಟೆಂಪೋ ಬಂತು. ಮಾಸ್ತರರು ನನ್ನನ್ನು ನೋಡಿದರು, ನಾನು ಅವ್ವನನ್ನು ನೋಡಿದೆ. ಅವ್ವ ಬಾಯಿಯ ಮೇಲೆ ಸೆರಗು ಒತ್ತಿಕೊಂಡು, ಮಾತಾಡಲೇ ಎಂದು ಕಣ್ಣಲ್ಲೇ ಕೇಳಿದಳು.

"ಮಾತಾಡು" ಎಂದೆ.

"ಪುಂಡಿಪಲ್ಲೆ ಮರುದಿನಾನ ರುಚಿ ಅಲ್ರೀ? ನೀವು ಬಾಗಲಾ ತಗದ ಕೂಡ್ಲೆ ಘಮ್ ಅನಬೇಕಂತ ಇಟ್ಟಿದ್ನಿ."

ಘಮ್ಮಂದದ್ದು ಖರೆ. ಅರ್ಧ ಬೆಳ್ಳುಳ್ಳಿ, ಅರ್ಧ ಸುಟ್ಟ ವೈರು. ಮಾಸ್ತರರ ಹೆಂಡತಿ ಬೆರಳಲ್ಲಿ ಒಂದಿಷ್ಟು ತೆಗೆದು ನಾಲಿಗೆಗೆ ಇಟ್ಟುಕೊಂಡಳು. ಆಮೇಲೆ ಇಬ್ಬರೂ ಕಟ್ಟೆಯ ಮೇಲೆ ಕೂತರು. ನನ್ನ ಹೆಂಡತಿ ಬಿಸಿ ರೊಟ್ಟಿ ತಂದು ಹಾಕಿದಳು. ಟೆಂಪೋದವನೂ ಇಳಿದು ಬಂದು ಕೂತ.

"ಫ್ರಿಜ್ ಹೋಗ್ಲಿ ಬಿಡ್ರಿ" ಎಂದರು ಮಾಸ್ತರರು ಬೆರಳು ನೆಕ್ಕುತ್ತ. "ಅಜ್ಜೀ, ಇದನ್ನ ಮಾಡೂದು ಹೆಂಗ?"

ಉಳಿದದ್ದನ್ನು ನಮ್ಮದೇ ಸ್ಟೀಲ್ ಡಬ್ಬಿಯಲ್ಲಿ ಕಟ್ಟಿಸಿಕೊಂಡು, ಖಾಲಿ ಟೆಂಪೋದಲ್ಲಿ ಹೋದರು. ಸತ್ತವರ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ನಮ್ಮಲ್ಲಿ ಫ್ರಿಜ್ಜು ಸತ್ತ ದಿನ ಪಂಕ್ತಿಯೇ ನಡೆಯಿತು.

ಅವ್ವನ ಫ್ರಿಜ್ಜು

ಅವರು ಹೋದ ಮೇಲೆ ನನಗೆ ಸಿಟ್ಟು ಬಂತು. ಅಳುವೂ ಬಂತು. ಇನ್ನೊಂದು ಮೋಟಾರು ಹಾಕಿದರೆ ಅಸಲೂ ಹುಟ್ಟುವ ಹಾಗಿರಲಿಲ್ಲ. ಅಂಗಡಿಕಾರನಾಗುವ ಆಸೆ ಪುಂಡಿಪಲ್ಲೆಯ ಜೊತೆಗೆ ಡಬ್ಬಿ ಸೇರಿತ್ತು.

"ಇನ್ನ ಇದು ನಿನ್ನದ" ಎಂದೆ ಅವ್ವನಿಗೆ. "ಏನರ ಮಾಡ್ಕೋ. ನನ್ನ ಕಣ್ಣಿಗೆ ಕಾಣಬಾರದು."

ಹೇಳಿ, ಹೆಂಡತಿ ಝಾಡಿಸಿಟ್ಟಿದ್ದ ಚೀಲವನ್ನೇ ಹೆಗಲಿಗೆ ಹಾಕಿಕೊಂಡು ಅಕ್ಕನ ಊರಿಗೆ ಹೋದೆ. ಎಳ್ಳಮಾಸಿ ಮುಗಿಸಿಕೊಂಡು ತಿರುಗಿ ಬಂದಾಗ ಅಂಗಡಿಯ ಬಾಯಿ ಖುಲ್ಲಾ ಇತ್ತು. ಹಿತ್ತಲಿಗೆ ಹೋಗಿ ನೋಡಿದರೆ ಡಬಲ್ ಡೋರು ಆಕಾಶ ನೋಡುತ್ತ ಅಂಗಾತ ಮಲಗಿತ್ತು. ಬಾಗಿಲುಗಳಿರಲಿಲ್ಲ. ನಾನು ಗೀರು ಬೀಳದಂತೆ ಕಾಯ್ದಿದ್ದ ಬೆನ್ನಿಗೆ ಅವ್ವ ಹಾರೆಯಿಂದ ತೂತು ಹೊಡೆಸಿದ್ದಳು, ನೀರು ಇಳಿಯಲಿ ಎಂದು. ಒಳಗೆ ಮಣ್ಣು, ಗೊಬ್ಬರ, ಅದರ ಮೇಲೆ ಹಸಿರು ಮೊಳಕೆ. ಕೆಳಗಿನ ಭಾಗದಲ್ಲಿ ಮೆಂತ್ಯ, ಕೊತ್ತಂಬರಿ. ಬರ್ಫ ಆಗುವ ಖಾನೆಯಲ್ಲಿ ಪುದೀನ.

"ಪುದೀನಾಕ ತಂಪ ಬೇಕು ನೋಡು" ಎಂದಳು.

ಕರೆಂಟಿಲ್ಲದೆ ಆ ಖಾನೆ ತಂಪಾಗುವುದಿಲ್ಲ ಅಂತ ನಾನು ಹೇಳಲು ಹೋಗಲಿಲ್ಲ.

ಮೆಂತ್ಯ ಗೇಣುದ್ದ ಬೆಳೆದ ಹೊತ್ತಿಗೆ ಮಾಸ್ತರರ ಜೋಡಿ ಡಬ್ಬಿ ತಿರುಗಿ ಕೊಡಲು ಬಂತು. ಡಬ್ಬಿಯನ್ನು ಖಾಲಿ ಕಳಿಸುವುದು ಅವ್ವನಿಗೆ ಗೊತ್ತಿಲ್ಲ. ಹಿತ್ತಲಿಗೆ ಹೋಗಿ ಫ್ರಿಜ್ಜಿನಿಂದ ಮೆಂತ್ಯ ಕಿತ್ತು ತಂದಳು. ಮಾಸ್ತರರ ಹೆಂಡತಿ ಹಿಂದೆಯೇ ಹೋಗಿ ನೋಡಿ ಅಲ್ಲಿಂದಲೇ ಕೂಗಿದಳು.

"ಏನ್ರೀ, ನಮಗ ಇಂಥಾದ್ದ ಬೇಕು! ನಮ್ಮ ಮಹಡಿ ಮ್ಯಾಲ ಒಂದ ಹಿಡಿ ಮಣ್ಣಿಲ್ಲ."

ನನ್ನ ಶೆಡ್ಡಿನಲ್ಲಿ ಏಳಲಾರದ ಫ್ರಿಜ್ಜುಗಳಿಗೆ ಬರವಿರಲಿಲ್ಲ. ಒಂದರ ಗ್ಯಾಸು ತೆಗೆದು, ಮೋಟಾರು ಪೈಪು ಬಿಚ್ಚಿ, ತೂತು ಕೊರೆದು, ನವನಗರಕ್ಕೆ ಒಯ್ದು ಕೊಟ್ಟು ಬಂದೆ. ಅದು ನಾನು ಮಾರಿದ ಮೊದಲ ಫ್ರಿಜ್ಜು. ಆಮೇಲೆ ಬ್ಯಾಂಕಿನ ಮೇಡಂ ಒಂದು ಒಯ್ದರು. ಇಳಕಲ್ಲಿನ ಹೆಂಡತಿ, ಕುಣಿಯಿಂದ ದೂರ ಮೆಣಸಿನ ಗಿಡ ಹಚ್ಚಬೇಕೆಂದು, ಗಂಡನನ್ನು ಕೇಳದೆ ಒಂದು ಒಯ್ದಳು. ಮೊನ್ನೆ ಒಂದು ಮದುವೆಯ ಪಂಕ್ತಿಯಲ್ಲಿ ಯಾರೋ, "ಫ್ರಿಜ್ಜಿನ ಅಂಗಡಿಕಾರ್ರಿಗೆ ಇನ್ನೊಂದ ಹೋಳಿಗಿ ಹಾಕ್ರಿ" ಅಂದರು. ಸುಳ್ಳು ಯಾಕೆ ಹೇಳಲಿ, ನನಗೆ ಬಹಳ ಖುಷಿಯಾಯಿತು. ಹೋಳಿಗೆ ಎರಡು ತಿಂದೆ.

ಮರುದಿನ ಮಾಸ್ತರರ ಫೋನ್ ಬಂತು. "ನಿಮ್ಮ ಫ್ರಿಜ್ಜಿನ್ಯಾಗ ಮೆಂತ್ಯ ಹುಟ್ಟವಲ್ದರಿ."

"ಎಲ್ಲಿಟ್ಟೀರಿ?"

"ಅಡಗಿಮನ್ಯಾಗ, ಬಿಸಲು ಬೀಳದಂಗ. ಗ್ವಾಡಿಗೆ ಹತ್ತದಂಗ ಒಂದ ಗೇಣು ಬಿಟ್ಟೇವಿ. ಅವತ್ತು ಹಂಗ ಇಡ್ರಿ ಅಂತ ನೀವ ಹೇಳಿದ್ರೆಲ್ಲ."

ಹೇಳಿದ್ದೆ. ಇಷ್ಟು ವರ್ಷ ಮನೆಮನೆಯಲ್ಲಿ ಹೇಳಿದ ಮಾತು, ಫ್ರಿಜ್ ಇಳಿಸಿದ ಕೂಡಲೇ ಬಾಯಿ ತಾನೇ ಹೇಳಿಬಿಟ್ಟಿತ್ತು.

"ಈಗ ಬರ್ತೇನ್ರಿ, ನಾನ ಬಂದು ನೋಡ್ತೇನಿ" ಎಂದೆ.

"ನೀವ್ಯಾಕ್ರಿ? ನೀವು ಮಾರೂ ಅಂಗಡಿಕಾರ್ರು. ನಮಗ ರಿಪೇರಿಯವ್ರನ್ನ ಕಳಸ್ರಿ."

"ರಿಪೇರಿಯವರು ಅಂದ್ರ ಯಾರ್ರಿ?"

"ಯಾರಂದ್ರ? ನಿಮ್ಮ ಅವ್ವಾರು."

ನಾನು ಫೋನ್ ಇಡುವಷ್ಟರಲ್ಲಿ ಅವ್ವ ಕಟ್ಟೆ ಇಳಿದು, ನನ್ನ ಗಾಡಿಯ ಹಿಂದಿನ ಸೀಟಿನಲ್ಲಿ ಕೂತಾಗಿತ್ತು.

"ನಡಿ, ಗಾಡಿ ಚಾಲೂ ಮಾಡು. ಗಿರಾಕಿ ಕರದಾಗ ತಡಾ ಮಾಡಬಾರದು."

ಅವಳ ಮಡಿಲಲ್ಲಿ ಕಳೆ ಕೀಳುವ ಕುರ್ಪಿ ಇತ್ತು. ಅದಕ್ಕೆ ಸುತ್ತಿದ್ದದ್ದು ನನ್ನ ಲುಂಗಿಯ ಉಳಿದ ಅರ್ಧ.